ಗಿರಿಗೆ ಕಾರು ಎಣಿಸಿ ಬಿಡುತ್ತಾರೆ, ಬೆಂಗಳೂರಿಗೆ ಯಾಕೆ ಬಿಡಬಾರದು?

ಕೈಮರ ಕಾಫಿ · ಚಿಕ್ಕಮಗಳೂರು

ಇವತ್ತು ಮಗಳು ಬೆಂಗಳೂರಿನಿಂದ ಬಂದಳು. ಬೆಳಿಗ್ಗೆ ಆರೂವರೆಗೆ ಎಲೆಕ್ಟ್ರಾನಿಕ್ ಸಿಟಿ ಬಿಟ್ಟವಳು ನೆಲಮಂಗಲ ದಾಟುವಾಗ ಒಂಬತ್ತಾಗಿತ್ತಂತೆ. ಅಲ್ಲಿಂದ ಹಾಸನ, ಬೇಲೂರು ದಾಟಿ ಮನೆ ಮುಟ್ಟುವುದಕ್ಕೆ ನಾಲ್ಕು ಗಂಟೆ. ಅಂದರೆ ಊರು ಬಿಡುವುದಕ್ಕೇ ಎರಡೂವರೆ ಗಂಟೆ ಹೋಯಿತು. "ಓಡಿಸಿ ಕಾಲು ನೋವು ಬಂದಿದ್ದಲ್ಲ ಅಪ್ಪ, ಬ್ರೇಕ್ ಒತ್ತಿ ಒತ್ತಿ ಬಂದಿದ್ದು" ಅಂದಳು.

ನಮ್ಮ ಮನೆ ಇರುವುದು ಕೈಮರದ ಹತ್ತಿರ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ಹೋಗುವ ಗಾಡಿಗಳೆಲ್ಲ ನಮ್ಮ ಮುಂದೆಯೇ ಹೋಗಬೇಕು. ಮೊದಲು ಮೂರು ದಿನ ರಜೆ ಒಟ್ಟಿಗೆ ಬಂತು ಅಂದರೆ ನಮಗೆ ಗೇಟು ದಾಟುವ ಹಾಗಿರಲಿಲ್ಲ. ಸೀತಾಳಯ್ಯನಗಿರಿ ಕಡೆಯ ತಿರುವಿನಲ್ಲಿ ಎರಡು ಕಾರು ಎದುರುಬದುರಾದರೆ ಒಬ್ಬರು ಹಿಂದೆ ಹೋಗಬೇಕು. ಹಿಂದೆ ನೋಡಿದರೆ ಇನ್ನೂ ಐವತ್ತು ಕಾರು. ಒಂದು ಕಡೆ ದರೆ, ಇನ್ನೊಂದು ಕಡೆ ಪ್ರಪಾತ. ಕೊಯ್ಲಿನ ಆಳುಗಳನ್ನು ಕರೆತರುವ ಜೀಪು ಒಂದು ದಿನ ಬೆಳಿಗ್ಗೆ ಎಂಟಕ್ಕೆ ಬರಬೇಕಾದ್ದು ಹನ್ನೊಂದಕ್ಕೆ ಬಂತು. ಅವತ್ತಿನ ಹಣ್ಣು ಗಿಡದಲ್ಲೇ ಉಳಿಯಿತು.

2025ರ ಸೆಪ್ಟೆಂಬರ್ 1ರಿಂದ ಆನ್‌ಲೈನ್ ಬುಕಿಂಗ್ ಮಾಡಿದರು. ಬೆಳಿಗ್ಗೆ ಆರರಿಂದ ಹನ್ನೆರಡರ ತನಕ 600 ಗಾಡಿ, ಮಧ್ಯಾಹ್ನ ಒಂದರಿಂದ ಆರರ ತನಕ 600. ಅಷ್ಟೇ. ಬುಕ್ ಮಾಡದೆ ಬಂದವರು ವಾಪಸ್. ಶುರುವಿನಲ್ಲಿ ಬೈಗುಳ ಬಂತು, ಹೋಂಸ್ಟೇಯವರೂ ಗೊಣಗಿದರು. ಈಗ ಯಾರೂ ಸತ್ತಿಲ್ಲ, ಗಿರಿಯೂ ಅಲ್ಲೇ ಇದೆ. ರಜೆಯಲ್ಲೂ ನಾನು ಪೇಟೆಗೆ ಹೋಗಿ ಬರುತ್ತೇನೆ.

ಹಾಗಾದರೆ ದೊಡ್ಡ ಊರುಗಳಲ್ಲಿ ಯಾಕೆ ಆಗುವುದಿಲ್ಲ? ಒಂದು ಗುಡ್ಡಕ್ಕೆ ಎಷ್ಟು ಕಾರು ಹಿಡಿಯುತ್ತದೆ ಎಂದು ಎಣಿಸಬಹುದಾದರೆ ಬೆಂಗಳೂರಿನ ನಡುಭಾಗಕ್ಕೆ ಎಷ್ಟು ಹಿಡಿಯುತ್ತದೆ ಎಂದೂ ಎಣಿಸಬಹುದಲ್ವಾ? ಈ ಗುಂಪಿನಲ್ಲಿ ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಯವರು ತುಂಬಾ ಜನ ಇದ್ದೀರಿ. ಹೇಳಿ ನೋಡೋಣ.

ಬಿಳಿಬೋರ್ಡ್ · ಹಾಸನ, ಈಗ ರಾಜಾಜಿನಗರ

ಅಣ್ಣ, ನಿಮ್ಮ ಗಿರಿಗೆ ಜನ ಫೋಟೋ ತೆಗೆಸಿಕೊಳ್ಳಲು ಬರುತ್ತಾರೆ. ಬೆಂಗಳೂರಿನಲ್ಲಿ ಹೊಟ್ಟೆಪಾಡಿಗೆ ಓಡಾಡುತ್ತಾರೆ. ಎರಡೂ ಒಂದೇನಾ?

ಕಾರು ತೆಗೆದುಕೊಳ್ಳುವಾಗಲೇ ಜೀವಾವಧಿ ತೆರಿಗೆ ಕಟ್ಟಿಸಿಕೊಂಡಿದ್ದಾರೆ. ನಮ್ಮ ರಾಜ್ಯದಲ್ಲಿ ಅದು ಬೆಲೆ ನೋಡಿಕೊಂಡು 13ರಿಂದ 18 ಪರ್ಸೆಂಟ್, ಮೇಲೆ ಸೆಸ್. ದೇಶದಲ್ಲೇ ಜಾಸ್ತಿ ಇರುವ ಕಡೆಗಳಲ್ಲಿ ಇದೊಂದು. ಆಮೇಲೆ ಪೆಟ್ರೋಲಿಗೆ ತೆರಿಗೆ. ಆಮೇಲೆ ಟೋಲ್. ಇಷ್ಟೆಲ್ಲ ಕಟ್ಟಿದ ಮೇಲೆ "ಇವತ್ತು ನಿಮ್ಮ ಸರದಿ ಇಲ್ಲ, ಮನೆಯಲ್ಲಿರಿ" ಅಂದರೆ ಹೇಗೆ? ಮೊದಲು ಗುಂಡಿ ಮುಚ್ಚಲಿ. ಬಸ್ಸು ಬಿಡಲಿ. ಆಮೇಲೆ ನಮ್ಮ ಕಾರಿನ ಮಾತು.

ಸಂತೆಪೇಟೆ · ಹಾಸನ

ಹಾಸನದಲ್ಲಿ ನಾವು ಇದನ್ನು ವರ್ಷಕ್ಕೊಮ್ಮೆ ಮಾಡುತ್ತೇವೆ ಕಣ್ರೀ. ಆಶ್ವಯುಜದಲ್ಲಿ ಹಾಸನಾಂಬೆ ಬಾಗಿಲು ತೆಗೆದರೆ ಬಲಿಪಾಡ್ಯಮಿ ಮುಗಿಯುವ ತನಕ ದೇವಸ್ಥಾನದ ಸುತ್ತ ಗಾಡಿ ಬಿಡುವುದಿಲ್ಲ. ನಾನು ಸ್ಕೂಟರ್ ಮನೆಯಲ್ಲೇ ಬಿಟ್ಟು ಅಂಗಡಿಗೆ ನಡೆದು ಹೋಗುತ್ತೇನೆ. ಹದಿನೈದು ನಿಮಿಷ. ಮಿಕ್ಕ ದಿನ ಅದೇ ದಾರಿಗೆ ಸ್ಕೂಟರ್ ಬೇಕೇ ಬೇಕು! ಯಾಕೆ ಅಂತ ನನ್ನ ಹೆಂಡತಿ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದರೆ ಬಿಳಿಬೋರ್ಡ್ ಅವರ ಮಾತೂ ನಿಜ. ದೇವರ ಹೆಸರಿನಲ್ಲಿ ಹದಿನೈದು ದಿನ ಸಹಿಸುವುದು ಬೇರೆ, ವರ್ಷವಿಡೀ ಬೇರೆ.

ಕಡೂರು ಪ್ಯಾಸೆಂಜರ್ · ಬೆಂಗಳೂರು

ರಸ್ತೆ, ಸಾರಿಗೆಯ ಲೆಕ್ಕಾಚಾರವೇ ನನ್ನ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕಾರು ಕಡಿಮೆ ಮಾಡಲು ಲೋಕದಲ್ಲಿ ಎರಡು ದಾರಿ ನೋಡಿದ್ದಾರೆ. ಒಂದು, ಬರಬೇಡ ಎನ್ನುವುದು. ಇನ್ನೊಂದು, ಬಾ, ಆದರೆ ದುಡ್ಡು ಕೊಡು ಎನ್ನುವುದು.

ಬರಬೇಡ ಎಂದವರಲ್ಲಿ ನಮಗೆ ಗೊತ್ತಿರುವುದು ದೆಹಲಿ. 2016ರ ಜನವರಿ 1ರಿಂದ 15ರ ತನಕ ಸಮ-ಬೆಸ. ನಂಬರ್ ಪ್ಲೇಟಿನ ಕೊನೆಯ ಅಂಕಿ ನೋಡಿ ದಿನ ಬಿಟ್ಟು ದಿನ. ದ್ವಿಚಕ್ರ ವಾಹನಕ್ಕೆ ವಿನಾಯಿತಿ, ಹೆಂಗಸರು ಓಡಿಸುವ ಕಾರಿಗೆ ವಿನಾಯಿತಿ, ಸಿಎನ್‌ಜಿಗೆ ವಿನಾಯಿತಿ. ಹದಿನೈದು ದಿನಕ್ಕೆ ಪರವಾಗಿಲ್ಲ. ಮೆಕ್ಸಿಕೋ ಸಿಟಿಯವರು ಇದನ್ನೇ 1989ರಲ್ಲಿ ತಂದು ಖಾಯಂ ಮಾಡಿದರು. ವಾರದಲ್ಲಿ ಒಂದು ದಿನ ಕಾರು ಹೊರಗೆ ತೆಗೆಯಬಾರದು. ಜನ ಏನು ಮಾಡಿದರು ಗೊತ್ತಾ? ಬೇರೆ ನಂಬರಿನ ಇನ್ನೊಂದು ಹಳೇ ಕಾರು ತೆಗೆದುಕೊಂಡರು. ಹೊಗೆ ಇನ್ನೂ ಕೆಟ್ಟದ್ದು. ನಮ್ಮವರು ಇದಕ್ಕಿಂತ ಬೇರೆ ಮಾಡುತ್ತಾರೆ ಎಂಬ ನಂಬಿಕೆ ನನಗಿಲ್ಲ.

ದುಡ್ಡು ಕೊಡು ಎಂದವರಲ್ಲಿ ಮೊದಲನೆಯದು ಸಿಂಗಪುರ, 1975. ಬೆಳಿಗ್ಗೆ ಹೊತ್ತು ಊರಿನ ನಡುಭಾಗಕ್ಕೆ ಕಾರು ತರಬೇಕಾದರೆ ದಿನಕ್ಕೆ ಮೂರು ಸಿಂಗಪುರ ಡಾಲರಿನ ಕಾಗದದ ಚೀಟಿ ಗಾಜಿಗೆ ಅಂಟಿಸಬೇಕಿತ್ತು. ಇದರಲ್ಲಿ ಒಂದು ತಮಾಷೆ ಇತ್ತು. ಕಾರಿನಲ್ಲಿ ನಾಲ್ಕು ಜನ ಇದ್ದರೆ ಚೀಟಿ ಬೇಡ. ಹಾಗಾಗಿ ಒಬ್ಬರೇ ಬರುವವರು ಬಸ್ ಸ್ಟಾಪಿನಲ್ಲಿ ನಿಲ್ಲಿಸಿ ಗುರುತಿಲ್ಲದವರನ್ನು ಹತ್ತಿಸಿಕೊಳ್ಳಲು ಶುರು ಮಾಡಿದರು. 1998ರಿಂದ ಅದೆಲ್ಲ ಎಲೆಕ್ಟ್ರಾನಿಕ್ ಆಯಿತು, ನಮ್ಮ ಫಾಸ್ಟ್ಯಾಗ್ ತರಹ.

ಲಂಡನ್ 2003ರ ಫೆಬ್ರವರಿಯಲ್ಲಿ ದಿನಕ್ಕೆ 5 ಪೌಂಡ್ ಹಾಕಿತು. ಈಗ ಕಡಿಮೆ ಎಂದರೂ ಮೂರು ಪಟ್ಟಾಗಿದೆ. ಆದರೆ ಶುಲ್ಕ ಶುರು ಮಾಡುವ ಹೊತ್ತಿಗೇ ಬಸ್ಸು ಹೆಚ್ಚು ಬಿಟ್ಟಿದ್ದರು. ಬಂದ ದುಡ್ಡು ಸಾರಿಗೆಗೇ ಹೋಗಬೇಕು ಎಂದು ಕಾನೂನಿನಲ್ಲೇ ಬರೆದಿದ್ದರು. ಬಿಳಿಬೋರ್ಡ್ ಅವರೇ, ನೀವು ಕೇಳುತ್ತಿರುವುದೂ ಇದನ್ನೇ ಅಲ್ವಾ?

ನನಗೆ ಇಷ್ಟವಾಗುವುದು ಸ್ಟಾಕ್‌ಹೋಮ್ ಕತೆ. ಅಲ್ಲಿ ಜನಕ್ಕೆ ಇದು ಸುತರಾಂ ಬೇಡವಾಗಿತ್ತು. 2006ರಲ್ಲಿ ಏಳು ತಿಂಗಳು ಸುಮ್ನೆ ಪರೀಕ್ಷೆ ಎಂದು ಮಾಡಿದರು. ಒಳಗೆ ಬರುವ ಗಾಡಿ ಸುಮಾರು 20 ಪರ್ಸೆಂಟ್ ಕಡಿಮೆಯಾಯಿತು. ಆಮೇಲೆ ನಿಲ್ಲಿಸಿದರು. ಹೆಚ್ಚಿನ ಗಾಡಿಗಳು ವಾಪಸ್ ಬಂದವು. ಎರಡನ್ನೂ ಕಂಡ ಮೇಲೆ ಜನಮತ ಕೇಳಿದರು, ಊರಿನವರು ಇರಲಿ ಎಂದರು. 2007ರಿಂದ ಖಾಯಂ.

20 ಪರ್ಸೆಂಟ್ ಅಂದರೆ ಐದರಲ್ಲಿ ಒಂದು. ಅಷ್ಟಕ್ಕೆ ಏನು ಮಹಾ ಎನ್ನಬೇಡಿ. ದಸರೆಗೆ, ಸಂಕ್ರಾಂತಿಗೆ ನಾವೆಲ್ಲ ಊರಿಗೆ ಹೊರಟಾಗ ಬೆಂಗಳೂರು ನೋಡಿದ್ದೀರಾ? ಊರು ಪೂರ್ತಿ ಖಾಲಿ ಆಗುವುದಿಲ್ಲ. ಹೋಗುವವರು ಸ್ವಲ್ಪ ಜನ. ಆದರೂ ರಸ್ತೆ ಹರಿಯುತ್ತದೆ. ರಸ್ತೆ ಅನ್ನುವುದು ಕೆರೆ ಕೋಡಿ ಇದ್ದ ಹಾಗೆ. ತುಂಬುವ ತನಕ ಸುಮ್ಮನಿರುತ್ತದೆ, ತುಂಬಿದ ಮೇಲೆ ಒಂದು ಕೊಡ ಹೆಚ್ಚಾದರೂ ಹೊರಗೇ. ಆ ಮೇಲಿನ ಒಂದು ಕೊಡ ಇಳಿಸುವುದಷ್ಟೇ ಕೆಲಸ.

ಹಳದಿಬೋರ್ಡ್ · ಅರಸೀಕೆರೆ

ನಾನು ಬೆಂಗಳೂರಿನಲ್ಲಿ ಎಂಟು ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿದ್ದೇನೆ ಸಾರ್. ಕಾರು ಕಡಿಮೆ ಮಾಡಿ ಎಂದು ಎಲ್ಲರೂ ಹೇಳುತ್ತೀರಿ, ನಮ್ಮ ಕಾರು ಲೆಕ್ಕಕ್ಕೆ ಬರುತ್ತದಾ ಇಲ್ವಾ ಅದು ಹೇಳಿ.

ನಿಜ ಹೇಳಬೇಕೆಂದರೆ ನಾವೂ ಟ್ರಾಫಿಕ್ಕೇ. ಒಬ್ಬ ಗಿರಾಕಿಯನ್ನು ಇಳಿಸಿ ಮುಂದಿನ ಗಿರಾಕಿ ಸಿಗುವ ತನಕ ಖಾಲಿ ಸುತ್ತುತ್ತೇವೆ. ನಿಲ್ಲಿಸಲು ಜಾಗ ಇಲ್ಲ, ನಿಲ್ಲಿಸಿದರೆ ಫೈನ್. ಗಾಡಿಯಲ್ಲಿ ನಾನೊಬ್ಬನೇ, ಹಿಂದಿನ ಸೀಟು ಖಾಲಿ. ನೋಡಿದವರಿಗೆ ಸಾರ್ವಜನಿಕ ಸಾರಿಗೆ.

ನಾಳೆ ದಿನಕ್ಕೆ ಇನ್ನೂರು ಮುನ್ನೂರು ಶುಲ್ಕ ಹಾಕಿದರೆ ಸಾಹೇಬರು ಕಟ್ಟಿ ಹೋಗುತ್ತಾರೆ, ಅವರಿಗೆ ಕಂಪನಿ ಕೊಡುತ್ತದೆ. ನಾವು ಕಟ್ಟಬೇಕಾದರೆ ಇಎಂಐ ನಿಲ್ಲಬೇಕು. ಆದರೂ ಒಂದು ಮಾತು. ಜಾಮ್ ಇಲ್ಲದ ದಿನ ನನಗೆ ನಾಲ್ಕು ಟ್ರಿಪ್ ಜಾಸ್ತಿ ಆಗುತ್ತದೆ. ಆದ್ದರಿಂದ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ನಮ್ಮನ್ನು ಕೇಳಿ ಮಾಡಲಿ.

ಕೊಪ್ಪದ ಅಡಿಕೆ · ಕೊಪ್ಪ

ಸಿಂಗಪುರ, ಲಂಡನ್ ಎಲ್ಲ ಸರಿ ಮಾರಾಯ್ರೆ. ಬೆಂಗಳೂರು ಅಂದರೆ ಬರೀ ಬೆಂಗಳೂರಿನವರದ್ದಾ?

ನಮ್ಮ ಕಡೆಯ ಕತೆ ಗೊತ್ತಿರುವವರು ಇದ್ದೀರಿ. ಒಂದು ಬಸ್ ಕಂಪನಿ ನಿಂತಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಸಹಕಾರ ಸಾರಿಗೆ ಕಟ್ಟಿದರು. ಶಾಲೆಗೆ, ಸಂತೆಗೆ, ಆಸ್ಪತ್ರೆಗೆ ನಮಗೆ ಅದೇ ಬಸ್ಸು. ಕಂಡಕ್ಟರಿಗೆ ನಮ್ಮ ಮನೆಯವರೆಲ್ಲರ ಹೆಸರು ಗೊತ್ತು. ಅಮ್ಮ ಬರುವುದು ತಡವಾದರೆ ಎರಡು ನಿಮಿಷ ನಿಲ್ಲುತ್ತಿತ್ತು. 2020ರಲ್ಲಿ ಅದೂ ನಿಂತಿತು. ನಾವು ಕಾರು ತೆಗೆದುಕೊಂಡದ್ದು ಅದರ ಮರುವರ್ಷ. ಆಸೆಗೆ ತೆಗೆದುಕೊಂಡದ್ದಲ್ಲ, ಸಾಲ ಮಾಡಿ ತೆಗೆದುಕೊಂಡದ್ದು.

ಅಮ್ಮನಿಗೆ ಎಪ್ಪತ್ತಾರು. ತಮ್ಮ ಅಲ್ಲಿರುವುದರಿಂದ ಮಂಡಿ ಆಪರೇಷನ್ ಬೆಂಗಳೂರಿನಲ್ಲಿ ಆಯಿತು, ಜಯನಗರದಲ್ಲಿ. ಆರು ತಿಂಗಳಿಗೊಮ್ಮೆ ತೋರಿಸಬೇಕು. ರಾತ್ರಿ ಬಸ್ಸಿಗೆ ಅವರನ್ನು ಹತ್ತಿಸಲು ಆಗುವುದಿಲ್ಲ, ಮೆಟ್ಟಿಲು ಅಷ್ಟು ಎತ್ತರ. ನಾನೇ ಓಡಿಸಿಕೊಂಡು ಹೋಗುತ್ತೇನೆ. ಹೋದ ಸಲ ಆಸ್ಪತ್ರೆಯ ಎದುರು ಕಾರು ನಿಲ್ಲಿಸಲು ಜಾಗ ಇಲ್ಲ, ಸೆಕ್ಯುರಿಟಿಯವನು ಅಮ್ಮನನ್ನು ಇಳಿಸಲೂ ಬಿಡಲಿಲ್ಲ. ಮೂರು ಸುತ್ತು ಹಾಕಿದೆ. ಅಮ್ಮ ಹಿಂದೆ ಕೂತು "ವಾಪಸ್ ಹೋಗುವ ಕಣೇ" ಅಂತಿದ್ದರು.

ನೀವು ನಗರದೊಳಗೆ ಕಾರು ಬೇಡ ಅಂದರೆ ನಮ್ಮಂತಹವರು ಎಲ್ಲಿಗೆ ಹೋಗಬೇಕು? ದೊಡ್ಡ ಆಸ್ಪತ್ರೆ, ದೊಡ್ಡ ಕಚೇರಿ, ಹೈಕೋರ್ಟು ಎಲ್ಲ ಅಲ್ಲೇ ಇಟ್ಟುಕೊಂಡು ಬಾಗಿಲಿಗೆ ಟಿಕೆಟ್ ಇಟ್ಟರೆ ಅದು ಯಾವ ನ್ಯಾಯ?

ಕೈಮರ ಕಾಫಿ

ತಂಗೀ, ನಿಮ್ಮ ಮಾತಿಗೆ ನನ್ನ ಹತ್ತಿರ ತಕ್ಷಣ ಉತ್ತರ ಇಲ್ಲ. ಯೋಚನೆ ಮಾಡುತ್ತೇನೆ.

ಕಡೂರು ಪ್ಯಾಸೆಂಜರ್

ಅಕ್ಕ, ಮೂರು ಸುತ್ತು ಹಾಕಿದೆ ಎಂದಿರಲ್ಲ, ಆ ಮೂರು ಸುತ್ತು ತಪ್ಪಿಸುವುದಕ್ಕೇ ಇದೆಲ್ಲ ಬೇಕಿರುವುದು. ಅಮ್ಮನನ್ನು ಇಳಿಸುವ ಜಾಗದಲ್ಲಿ ಬೆಳಿಗ್ಗೆಯಿಂದ ಸಂಜೆ ತನಕ ನಿಂತಿದ್ದ ಕಾರು ಯಾರದ್ದು? ಮೆಟ್ರೋದಲ್ಲೋ ಬಸ್ಸಿನಲ್ಲೋ ಬರಬಹುದಾಗಿದ್ದವರದ್ದು. ಕಾಯಿಲೆಯವರಿಗೆ, ಅಂಗವಿಕಲರಿಗೆ ವಿನಾಯಿತಿ ಇಲ್ಲದೆ ಯಾವ ನಿಯಮವೂ ಬರಬಾರದು. ಅದರಲ್ಲಿ ಎರಡು ಮಾತಿಲ್ಲ.

ಇನ್ನೊಂದು ವಿಷಯ. ಹಸಿರು ಮಾರ್ಗದ ಮೆಟ್ರೋ 2024ರ ನವೆಂಬರ್‌ನಲ್ಲಿ ನಾಗಸಂದ್ರದಿಂದ ಮಾದಾವರದ ತನಕ ಬಂದಿದೆ. ಅದು ತುಮಕೂರು ರಸ್ತೆಯಲ್ಲೇ. ನೀವು ಹಾಸನದ ಮೇಲೆ ಬಂದರೂ ತುಮಕೂರಿನ ಮೇಲೆ ಬಂದರೂ ಅಲ್ಲಿಗೇ ಬರಬೇಕು. ಅಲ್ಲಿಂದ ಜಯನಗರಕ್ಕೆ ಗಾಡಿ ಬದಲಿಸುವ ಕೆಲಸವೇ ಇಲ್ಲ, ಒಂದೇ ಮಾರ್ಗ. ಲಿಫ್ಟ್ ಇದೆ. ಕಾರು ಮಾದಾವರದ ಹತ್ತಿರ ಎಲ್ಲಾದರೂ ಬಿಟ್ಟು ಒಮ್ಮೆ ನೋಡಿ.

ಬಿಳಿಬೋರ್ಡ್

ಮೆಟ್ರೋ ಮೆಟ್ರೋ ಅನ್ನುತ್ತೀರಿ. 2025ರ ಫೆಬ್ರವರಿಯಲ್ಲಿ ದರ ಏರಿಸಿದರಲ್ಲ, ಅದು ಯಾಕೆ ಹೇಳುವುದಿಲ್ಲ? ದೂರದ ಪ್ರಯಾಣಕ್ಕೆ 60 ಇದ್ದದ್ದು 90 ಆಯಿತು. ನಾವು ಮನೆಯಲ್ಲಿ ನಾಲ್ಕು ಜನ. ಹೋಗಿ ಬರಲು 720 ರೂಪಾಯಿ. ಅಷ್ಟಕ್ಕೆ ನನ್ನ ಕಾರಿಗೆ ಏಳು ಲೀಟರ್ ಪೆಟ್ರೋಲ್ ಬರುತ್ತದೆ, ಊರೆಲ್ಲ ಸುತ್ತಿ ಬರಬಹುದು. ಕಾರು ಬಿಡಿ ಎಂದು ಬುದ್ಧಿ ಹೇಳುವವರೇ ಮೆಟ್ರೋ ದರ ಏರಿಸುತ್ತಾರೆ. ಒಂದು ಕಡೆ ಸುರಂಗ ರಸ್ತೆ ಮಾಡುತ್ತೇವೆ ಎನ್ನುತ್ತಾರೆ, ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ. ಕಾರು ಬೇಡ ಎನ್ನುವವರು ಕಾರಿಗೇ ಅಂತ ನೆಲದಡಿ ರಸ್ತೆ ಕೊರೆಯುತ್ತಾರಾ? ಇವರಿಗೇ ಏನು ಬೇಕು ಅಂತ ಗೊತ್ತಿಲ್ಲ. ನಮ್ಮನ್ನು ಮಾತ್ರ ಬಯ್ಯುತ್ತಾರೆ.

ಹಳದಿಬೋರ್ಡ್

ಸುರಂಗದ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಸಹಿ ಇದೆ ಸಾರ್.

ಬಿಳಿಬೋರ್ಡ್

ಪಕ್ಷದ ಹೆಸರು ತೆಗೆದು ಇನ್ನೊಂದು ಮಾತು ಬರೆದಿದ್ದೆ. ಅಳಿಸಿದ್ದಾರೆ.

ನಿರ್ವಾಹಕರು

ಹೌದು, ಅಳಿಸಿದ್ದೇನೆ. ಯಾವ ಪಕ್ಷದ್ದೂ ಬೇಡ ಎಂದು ಮೊದಲೇ ಹೇಳಿದೆ. ರಸ್ತೆ ಬಗ್ಗೆ ಎಷ್ಟು ಬೇಕಾದರೂ ಜಗಳ ಆಡಿ.

ಸಂತೆಪೇಟೆ

ನಿರ್ವಾಹಕರು ಅಂದರೆ ನನಗೆ ಬಸ್ಸಿನ ಕಂಡಕ್ಟರೇ ನೆನಪಾಗುತ್ತಾರೆ. ಒಂದು ಹಾಸನ ಕೊಡಿ.

ಹಿರೇಕೊಳಲೆ ಹುಡುಗಿ · ಚಿಕ್ಕಮಗಳೂರು, ಈಗ ಮಾರತ್‌ಹಳ್ಳಿ ಪಿಜಿ

ಇಷ್ಟು ಹೊತ್ತು ಓದುತ್ತಿದ್ದೆ. ಇಲ್ಲಿ ಬರೆದವರೆಲ್ಲರೂ ಕಾರು ಇರುವವರು, ಇಲ್ಲವೇ ಕಾರು ಓಡಿಸುವವರು. ನನಗೆ ಕಾರೂ ಇಲ್ಲ, ಸ್ಕೂಟರೂ ಇಲ್ಲ. ಹೊರ ವರ್ತುಲ ರಸ್ತೆಯಲ್ಲಿ ನನ್ನ ಆಫೀಸು ಪಿಜಿಯಿಂದ ನಾಲ್ಕು ಕಿಲೋಮೀಟರ್. ಬಸ್ಸಿನಲ್ಲಿ ಹೋದರೆ ಸಂಜೆ ಒಂದು ಗಂಟೆ. ಎಷ್ಟೋ ಸಲ ಇಳಿದು ನಡೆದು ಬಸ್ಸಿಗಿಂತ ಮೊದಲು ಪಿಜಿ ಸೇರಿದ್ದೇನೆ. ಊಟಕ್ಕೆ ಕೂತಾಗ ಅದೇ ಬಸ್ಸು ಕಿಟಕಿಯಲ್ಲಿ ಕಾಣುತ್ತದೆ.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಟಿಕೆಟ್ ಇಲ್ಲ. ತುಂಬಾ ಒಳ್ಳೆಯದಾಯಿತು, ತಿಂಗಳಿಗೆ ಅಷ್ಟು ದುಡ್ಡು ಉಳಿಯುತ್ತದೆ. ಆದರೆ ಬಿಟ್ಟಿ ಬಸ್ಸೂ ಜಾಮ್‌ನಲ್ಲಿ ನಿಂತರೆ ಏನು ಪ್ರಯೋಜನ? ಬಸ್ಸಿನಲ್ಲಿ ಎಪ್ಪತ್ತು ಜನ ನೇತಾಡುತ್ತಿರುತ್ತೇವೆ. ಮುಂದೆ ಆರು ಕಾರು, ಆರರಲ್ಲಿ ಆರೇಳು ಜನ. ಆ ಆರೇಳು ಜನಕ್ಕಾಗಿ ನಾವು ಎಪ್ಪತ್ತು ಜನ ಕಾಯಬೇಕು.

ಇದೇ ರಸ್ತೆಯಲ್ಲಿ 2019ರ ಅಕ್ಟೋಬರ್‌ನಲ್ಲಿ ಬಸ್ಸಿಗೇ ಅಂತ ಒಂದು ಲೇನ್ ಬಿಟ್ಟಿದ್ದರು, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ತನಕ. ನಾನು ಆಗ ಇಲ್ಲಿ ಇರಲಿಲ್ಲ. ಇದ್ದ ಸೀನಿಯರ್‌ಗಳು ಇನ್ನೂ ಅದನ್ನು ಮದುವೆ ಊಟ ನೆನೆಸಿಕೊಂಡ ಹಾಗೆ ನೆನೆಸಿಕೊಳ್ಳುತ್ತಾರೆ. ಆಮೇಲೆ ಕೋವಿಡ್, ಮೆಟ್ರೋ ಕೆಲಸ, ಲೇನ್ ಹೋಯಿತು.

ನನಗೆ ಕಾರು ನಿಷೇಧ ಬೇಡ. ಒಂದು ಲೇನ್ ಕೊಡಿ ಸಾಕು. ಕಾರಿನವರು ಮಿಕ್ಕ ಲೇನ್‌ಗಳಲ್ಲಿ ಆರಾಮಾಗಿ ನಿಂತುಕೊಂಡಿರಲಿ. ಬಸ್ಸು ಪಕ್ಕದಲ್ಲಿ ಹೋಗುವುದನ್ನು ನಾಲ್ಕು ದಿನ ನೋಡಿದರೆ ಐದನೇ ದಿನ ಅವರೇ ಹತ್ತುತ್ತಾರೆ. ಹಾಗೇ ನಡೆಯಲು ಒಂದು ಫುಟ್‌ಪಾತ್. ಅದರ ಮೇಲೂ ಕಾರೇ ನಿಂತಿದೆ, ಏನು ಹೇಳೋಣ.

ಬಿಳಿಬೋರ್ಡ್

ತಂಗಿ, ಇದು ಮಾತ್ರ ನ್ಯಾಯವಾದ ಮಾತು. ಬಸ್ ಲೇನ್‌ಗೆ ನನ್ನ ತಕರಾರಿಲ್ಲ.

ಸಂತೆಪೇಟೆ

ಫುಟ್‌ಪಾತ್ ಅಂದಿರಿ, ನನಗೆ ಹೊಟ್ಟೆ ಉರಿಯುವ ವಿಷಯ ಅದೇ. ನಾವೆಲ್ಲ ಓಡುವ ಕಾರಿನ ಬಗ್ಗೆ ಮಾತಾಡುತ್ತಿದ್ದೇವೆ. ಕಾರು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ದಿನಕ್ಕೆ ಒಂದು ಗಂಟೆ ಓಡಿದರೆ ಇಪ್ಪತ್ಮೂರು ಗಂಟೆ ಎಲ್ಲೋ ನಿಂತಿರಬೇಕು. ಎಲ್ಲಿ? ನಮ್ಮ ಅಂಗಡಿ ಮುಂದೆ!

ಹಾಸನದ ಬಿ.ಎಂ. ರಸ್ತೆ ನೋಡಿ. ಅಗಲ ಮಾಡಿದರು, ಅಗಲ ಆದಷ್ಟೂ ಎರಡೂ ಕಡೆ ಕಾರು ನಿಂತವು. ನಡುವೆ ಉಳಿದದ್ದು ಮೊದಲು ಇದ್ದಷ್ಟೇ. ಸಂತೆಪೇಟೆಯ ಹಳೇ ಬೀದಿಗಳಲ್ಲಿ ಕಟ್ಟಿದ ಮನೆಗಳು ಎತ್ತಿನಗಾಡಿ ಕಾಲದವು. ಆ ಮನೆಗಳಿಗೆ ಈಗ ಎರಡೆರಡು ಕಾರು. ಕಾರು ಮನೆಯವರದ್ದು, ಜಾಗ ಬೀದಿಯದ್ದು. ನಾನು ಒಂದು ಚೀಲ ಈರುಳ್ಳಿ ರಸ್ತೆ ಮೇಲೆ ಇಟ್ಟರೆ ಬಂದು ಎತ್ತಿಕೊಂಡು ಹೋಗುತ್ತಾರೆ. ಹತ್ತು ಚೀಲದಷ್ಟು ಜಾಗ ಹಿಡಿಯುವ ಕಾರು ಮೂರು ತಿಂಗಳು ಧೂಳು ತಿನ್ನುತ್ತಾ ನಿಂತರೂ ಯಾರೂ ಕೇಳುವುದಿಲ್ಲ.

ಜಪಾನಿನಲ್ಲಿ 1962ರಿಂದ ಒಂದು ಕಾನೂನು ಇದೆ. ಕಾರು ತೆಗೆದುಕೊಳ್ಳಬೇಕಾದರೆ ಅದನ್ನು ನಿಲ್ಲಿಸಲು ಸ್ವಂತದ್ದೋ ಬಾಡಿಗೆಯದ್ದೋ ಜಾಗ ಇದೆ ಎಂದು ಪೊಲೀಸರಿಂದ ಪತ್ರ ತರಬೇಕು. ಜಾಗ ಮನೆಯಿಂದ ಎರಡು ಕಿಲೋಮೀಟರ್ ಒಳಗೇ ಇರಬೇಕು. ರಾತ್ರಿ ರಸ್ತೆಯಲ್ಲಿ ಬಿಡುವ ಹಾಗಿಲ್ಲ. ಸಮ-ಬೆಸ ಬೇಡ, ಕ್ಯಾಮೆರಾ ಬೇಡ, ಪೌಂಡೂ ಬೇಡ. ಇದೊಂದು ನಿಯಮ ತಂದರೆ ಬೆಂಗಳೂರು ಯಾಕೆ, ಹಾಸನದಲ್ಲೇ ಅರ್ಧ ಸಮಸ್ಯೆ ಹೋಗುತ್ತದೆ. ತರುವ ಧೈರ್ಯ ಯಾರಿಗೂ ಇಲ್ಲ, ಯಾಕೆಂದರೆ ತರಬೇಕಾದವರ ಮನೆ ಮುಂದೆಯೇ ಮೂರು ನಿಂತಿರುತ್ತವೆ.

ಕಡೂರು ಪ್ಯಾಸೆಂಜರ್

ನಾನು ಇಷ್ಟುದ್ದ ಬರೆದದ್ದಕ್ಕಿಂತ ಸಂತೆಪೇಟೆಯವರ ಈರುಳ್ಳಿ ಚೀಲ ವಾಸಿ.

ಕೈಮರ ಕಾಫಿ

ಎರಡು ದಿನ ಯೋಚನೆ ಮಾಡಿದೆ. ನಿನ್ನೆ ಭಾನುವಾರ ಕಣದಲ್ಲಿ ಕಾಫಿ ಹರಡುತ್ತಾ ರಸ್ತೆ ನೋಡುತ್ತಿದ್ದೆ. ಮೊದಲು ನಾನು ಹೆಮ್ಮೆಯಿಂದ ಹೇಳಿಕೊಂಡದ್ದರಲ್ಲಿ ಎರಡು ತೂತು ಕಂಡವು. ಮುಚ್ಚಿಡುವುದಿಲ್ಲ.

ಒಂದು, ಸ್ಲಾಟ್ ಸಿಗದವರು ವಾಪಸ್ ಬೆಂಗಳೂರಿಗೆ ಹೋಗುವುದಿಲ್ಲ. ಇಷ್ಟು ದೂರ ಬಂದಿದ್ದೇವೆ ಎಂದು ಹಿರೇಕೊಳಲೆ ಕೆರೆಗೆ ಹೋಗುತ್ತಾರೆ, ದೇವರಮನೆ ಗುಡ್ಡಕ್ಕೆ ಹೋಗುತ್ತಾರೆ, ಕೆಮ್ಮಣ್ಣುಗುಂಡಿಗೆ ಹೋಗುತ್ತಾರೆ. ನಮ್ಮ ರಸ್ತೆ ಖಾಲಿ ಆದದ್ದು ನಿಜ. ಕೆರೆ ಏರಿ ಮೇಲೆ ನೂಕುನುಗ್ಗಲು ಆದದ್ದೂ ನಿಜ. ನನ್ನ ಮನೆ ಮುಂದಿನ ಕಸ ಗುಡಿಸಿ ಪಕ್ಕದ ಮನೆ ಮುಂದೆ ಹಾಕಿದ ಹಾಗಾಯಿತು.

ಎರಡು, ಎಣಿಸುವುದು ಗಾಡಿಯನ್ನು, ತಲೆಯನ್ನಲ್ಲ. ಎಷ್ಟೋ ಕಾರಿನಲ್ಲಿ ಗಂಡ ಹೆಂಡತಿ ಇಬ್ಬರೇ. ಅದರ ಹಿಂದೆ ಬಂದ ಟೆಂಪೋ ಟ್ರಾವೆಲರ್‌ನಲ್ಲಿ ಹನ್ನೆರಡು ಜನ. ಲೆಕ್ಕದಲ್ಲಿ ಅದೂ ಒಂದು ಗಾಡಿ, ಇದೂ ಒಂದು ಗಾಡಿ. ಊಟಿ, ಕೊಡೈಕೆನಾಲ್‌ನಲ್ಲಿ 2024ರ ಮೇ 7ರಿಂದ ಹೈಕೋರ್ಟ್ ಹೇಳಿ ಇ-ಪಾಸ್ ಮಾಡಿಸಿದರಲ್ಲ, ಅಲ್ಲಿ ಸರ್ಕಾರಿ ಬಸ್ಸಿನಲ್ಲಿ ಬಂದವರಿಗೆ ಪಾಸೇ ಬೇಡ. ಬಸ್ಸು ಹತ್ತಿದರೆ ಯಾರೂ ಕೇಳುವುದಿಲ್ಲ, ಕಾರು ತಂದರೆ ಕೇಳುತ್ತಾರೆ. ನಮ್ಮಲ್ಲೂ ಪೇಟೆಯಿಂದ ಗಂಟೆಗೆ ನಾಲ್ಕು ಮಿನಿ ಬಸ್ಸು ಗಿರಿಗೆ ಬಿಟ್ಟು, ಆಮೇಲೆ ಕಾರಿನ ಸ್ಲಾಟ್ 600ರಿಂದ 300ಕ್ಕೆ ಇಳಿಸಿದ್ದರೆ ಇನ್ನೂ ಜಾಸ್ತಿ ಜನ ಗಿರಿ ನೋಡಬಹುದಿತ್ತು, ರಸ್ತೆಯೂ ಉಳಿಯುತ್ತಿತ್ತು.

ಬೆಂಗಳೂರಿಗೂ ಇದೇ ಅನ್ನಿಸುತ್ತಿದೆ. "ಎಷ್ಟು ಕಾರು ಬಿಡಬೇಕು" ಎಂದು ನಾನು ಕೇಳಿದ್ದೇ ತಪ್ಪು. ಎಷ್ಟು ಜನ ದಾಟಬೇಕು ಎಂದು ಕೇಳಬೇಕಿತ್ತು. ಹಿರೇಕೊಳಲೆ ಹುಡುಗಿಯ ಬಸ್ಸಿನಲ್ಲಿ ಎಪ್ಪತ್ತು ಜನ ಇದ್ದಾರೆ ಅಂದರೆ ರಸ್ತೆಯಲ್ಲಿ ಮೊದಲ ಪಾಲು ಆ ಬಸ್ಸಿಗೆ. ಅದಾದ ಮೇಲೆ ಕೊಪ್ಪದ ತಂಗಿಯ ಅಮ್ಮನಿಗೆ. ಮಿಕ್ಕಿದ್ದರಲ್ಲಿ ನಾವೆಲ್ಲ. ದುಡ್ಡು ಕೊಟ್ಟು ಹೋಗುತ್ತೇನೆ ಅನ್ನುವವನು ಕೊಡಲಿ.

ಬಿಳಿಬೋರ್ಡ್

ಒಂದನ್ನು ಬಿಡುತ್ತಿದ್ದೀರಿ ಅಣ್ಣ. ಬೆಂಗಳೂರಿನಲ್ಲಿ ವಾಹನ ಒಂದು ಕೋಟಿ ದಾಟಿ ಎಷ್ಟೋ ಕಾಲವಾಯಿತು. ಅದರಲ್ಲಿ ಹೆಚ್ಚಿನವು ಬೈಕು, ಸ್ಕೂಟರು. ಕಾರಿಗೆ ಮಾತ್ರ ಕಡಿವಾಣ ಹಾಕಿದರೆ ಕಾರಿನವರೆಲ್ಲ ಬೈಕ್ ಹತ್ತುತ್ತಾರೆ, ಬಸ್ಸಲ್ಲ. ಫುಟ್‌ಪಾತ್ ಮೇಲೆ ಬೈಕ್ ಓಡಿಸುವವರನ್ನು ನೀವು ನೋಡಿಲ್ಲ.

ಆದರೂ ಹೇಳುತ್ತೇನೆ. ಹೋದ ವಾರ ಮಲ್ಲೇಶ್ವರಕ್ಕೆ ಕಾರು ತೆಗೆದುಕೊಂಡು ಹೋಗಿ ನಿಲ್ಲಿಸಲು ಅರ್ಧ ಗಂಟೆ ಸುತ್ತಿದೆ. ಮನೆಯಿಂದ ಅದು ಮೂರು ಕಿಲೋಮೀಟರ್. ಹೆಂಡತಿ ಇಳಿದು ಹೂವು ಹಣ್ಣು ಎಲ್ಲ ತೆಗೆದುಕೊಂಡು ವಾಪಸ್ ಬಂದಳು, ನಾನು ಇನ್ನೂ ಸುತ್ತುತ್ತಲೇ ಇದ್ದೆ. ಸಂತೆಪೇಟೆಯವರು ಇದನ್ನು ಹಿಡಿದು ಈಗ ಹತ್ತು ಸಾಲು ಬರೆಯುತ್ತಾರೆ, ಗೊತ್ತು.

ಸಂತೆಪೇಟೆ

ಬರೆಯುವುದಿಲ್ಲ ಬಿಡಿ. ನಾನೂ ಹದಿನೈದು ನಿಮಿಷದ ದಾರಿಗೆ ಸ್ಕೂಟರ್ ತೆಗೆಯುವವನೇ.

ಕೊಪ್ಪದ ಅಡಿಕೆ

ಈ ಬುಧವಾರ ಅಮ್ಮನನ್ನು ತೋರಿಸುವ ದಿನ ಇತ್ತು. ಕಡೂರಿನವರು ಹೇಳಿದ ಹಾಗೆ ಮಾಡಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮಾಕಳಿಯಲ್ಲಿ ಚಿಕ್ಕಮ್ಮನ ಮಗಳ ಮನೆ ಇದೆ. ಮಂಗಳವಾರ ರಾತ್ರಿ ಅಲ್ಲೇ ಉಳಿದು ಕಾರು ಅವರ ಕಾಂಪೌಂಡಿನಲ್ಲಿ ಬಿಟ್ಟೆವು. ಬೆಳಿಗ್ಗೆ ಆಟೋದಲ್ಲಿ ಮಾದಾವರ. ಲಿಫ್ಟ್ ಇತ್ತು. ಮೊದಲ ನಿಲ್ದಾಣ ಆದ್ದರಿಂದ ಸೀಟೂ ಸಿಕ್ಕಿತು. ಯಶವಂತಪುರ ಬರುವಷ್ಟರಲ್ಲಿ ನಿಲ್ಲಲೂ ಜಾಗ ಇರಲಿಲ್ಲ, ಆದರೆ ಅಮ್ಮ ಕೂತಿದ್ದರು. ಕೆಳಗೆ ರಸ್ತೆ ನೋಡಿ "ಅಷ್ಟೂ ಕಾರು ಎಲ್ಲಿಗೆ ಹೊರಟಿದ್ದಾವೆ?" ಅಂತ ಕೇಳಿದರು. ಏನು ಹೇಳಲಿ, ಆರು ತಿಂಗಳ ಹಿಂದೆ ನಾವೂ ಅದರಲ್ಲೇ ಇದ್ದೆವು.

ಜಯನಗರದಲ್ಲಿ ಇಳಿದ ಮೇಲೆ ಕಷ್ಟ ಆಯಿತು. ಆಸ್ಪತ್ರೆ ಹತ್ತಿರವೇ, ಎರಡು ಆಟೋದವರು ಅಷ್ಟು ಹತ್ತಿರಕ್ಕೆ ಬರುವುದಿಲ್ಲ ಅಂದರು. ನಡೆಯೋಣ ಅಂದರೆ ಫುಟ್‌ಪಾತ್ ಹತ್ತಿ ಇಳಿದು ಹತ್ತಿ ಇಳಿದು, ಒಂದು ಕಡೆ ಚಪ್ಪಡಿಯೇ ಇಲ್ಲ. ಹೊಸ ಮಂಡಿ ಹಾಕಿಸಿಕೊಂಡವರಿಗೆ ಅದು ಗಿರಿ ಹತ್ತಿದಷ್ಟೇ. ಮೂರನೆಯ ಆಟೋದವರು ಪುಣ್ಯಾತ್ಮರು, ಕರೆದುಕೊಂಡು ಹೋದರು, ದುಡ್ಡೂ ಜಾಸ್ತಿ ಕೇಳಲಿಲ್ಲ.

ಹೋಗುವಾಗ ಮೂರು ಸುತ್ತು ಹಾಕಲಿಲ್ಲ. ಡಾಕ್ಟರ್ ಕರೆಯುವುದಕ್ಕೆ ಮುಂಚೆಯೇ ಹೋಗಿ ಕೂತಿದ್ದೆವು, ಅದು ಇದೇ ಮೊದಲು. ಮುಂದಿನ ಸಲ ಅಕ್ಟೋಬರ್‌ನಲ್ಲಿ. ಹಳದಿಬೋರ್ಡ್ ಅಣ್ಣ, ಜಯನಗರ ಮೆಟ್ರೋ ಹತ್ತಿರ ಅಷ್ಟು ದೂರಕ್ಕೆ ಬರುವ ಗುರುತಿನವರು ಯಾರಾದರೂ ಇದ್ದರೆ ಹೇಳಿ.

ಹಳದಿಬೋರ್ಡ್

ನಾನೇ ಬರುತ್ತೇನೆ ಅಕ್ಕ. ಅವತ್ತು ಆ ಕಡೆ ಇರುವ ಹಾಗೆ ನೋಡಿಕೊಳ್ಳುತ್ತೇನೆ. ಹಿಂದಿನ ದಿನ ಇಲ್ಲೇ ಒಂದು ಮಾತು ಹಾಕಿ.